ಫಿಲಿಪೀನ್ಸ್‌ನ ಹಳೆಯ ಕತ್ತಿ: ಯಾವ ಊರಿನದು?

ಒರೆ ನೋಡಿ ಊರು ಹೇಳಬೇಡಿ. ನಾನು ಮಾಡಿದ ಮೊದಲ ತಪ್ಪೇ ಅದು. 1899ರಲ್ಲಿ ಶುರುವಾದ ಫಿಲಿಪೀನ್ಸ್-ಅಮೆರಿಕ ಯುದ್ಧದ ಹೊತ್ತಿಗೆ ಹೋದ ಅಮೆರಿಕದ ಸೈನಿಕರು ಅಲ್ಲಿನ ಕತ್ತಿಗಳನ್ನು ನೆನಪಿಗೆಂದು ಮನೆಗೆ ಒಯ್ದರು. ಕೈಯಿಂದ ಕೈಗೆ ಹೋಗುವಾಗ ಒಂದರ ಒರೆ ಇನ್ನೊಂದಕ್ಕೆ ಸೇರುತ್ತದೆ. ಹಿಡಿಯೂ ಅಷ್ಟೆ, ಮುರಿದರೆ ಹೊಸದು ಬರುತ್ತದೆ. ಹಾಗಾಗಿ ಮೊದಲು ಅಲಗು, ಆಮೇಲೆ ಹಿಡಿ, ಕೊನೆಗೆ ಒರೆ.

ಮಾವಿನೆಲೆಯಂತೆ ನಡುವೆ ಅಗಲ, ಬೆನ್ನು ದಪ್ಪ, ಒಂದೇ ಕಡೆ ಬಾಯಿ ಇದ್ದರೆ ಅದು ಬರೊಂಗ್. ಸುಲು ದ್ವೀಪಗಳ ತೌಸುಗ್ ಜನರದು, ಬಸಿಲಾನ್‌ನ ಯಾಕಾನರದೂ ಆಗಬಹುದು. ಹಿಡಿ ಹತ್ತಿರ ಸಣ್ಣಗಿದ್ದು ಮೊನೆ ಕಡೆ ಅಗಲವಾಗುವ ಉದ್ದನೆಯ ಕತ್ತಿ ಕಂಪಿಲಾನ್. ಇದು ದಕ್ಷಿಣದ ಮಿಂಡನಾವೊ ದ್ವೀಪದ ಕಡೆಯದು. ಹಿಡಿಯ ತುದಿ ಬಾಯಿ ತೆರೆದ ಪ್ರಾಣಿಯಂತೆ ಸೀಳಿರುತ್ತದೆ. ಇವೆರಡೂ ಸುಲಭ.

ತಲೆ ಕೆಡಿಸುವುದು ಕ್ರಿಸ್, ಹಾವಿನಂತೆ ಬಳುಕಿದ ಅಲಗಿಗೆ ಹೆಸರಾದ ಕತ್ತಿ. ಬಳುಕಿದ್ದೆಲ್ಲ ಜಾವಾದ್ದು ಅಂದುಕೊಳ್ಳಬೇಡಿ. ಜಾವಾದ ಕ್ರಿಸ್ ಹಗುರ, ಚುಚ್ಚುವುದಕ್ಕೆ. ದಕ್ಷಿಣ ಫಿಲಿಪೀನ್ಸ್‌ನ ಮೋರೋ ಜನರದು ದೊಡ್ಡದು, ಭಾರ ಜಾಸ್ತಿ, ಬೀಸಿ ಕಡಿಯುವುದಕ್ಕೂ ಆಗುತ್ತದೆ. ಬೀಸಿದಾಗ ಅಲಗು ಹಿಡಿಯೊಳಗೆ ತಿರುಗಬಾರದಲ್ವಾ? ಅದಕ್ಕೇ ಎರಡನ್ನೂ ಬಿಗಿಯುವ ಲೋಹದ ಪಟ್ಟಿ ಇರುತ್ತದೆ, ಅಸಂಗ್-ಅಸಂಗ್ ಅಂತ ಹೆಸರು. ಅಲಗು ಪೂರ್ತಿ ನೇರವಾಗಿರುವ ಮೋರೋ ಕ್ರಿಸ್‌ಗಳೂ ಇವೆ, ಅರ್ಧ ಬಳುಕಿ ಅರ್ಧ ನೇರವಾದವೂ ಇವೆ.

ಮೋರೋ ಕ್ರಿಸ್‌ನ ಕಾಲ ತಿಳಿಯಲು ಅಲಗಿನ ಬುಡ ನೋಡಿ. ಅಲ್ಲಿ ಅಡ್ಡಲಾಗಿ ಕೂತ ಅಗಲವಾದ ತುಂಡಿಗೆ ಗಂಗ್ಯ ಎನ್ನುತ್ತಾರೆ. ಹಳೆಯ ಕತ್ತಿಗಳಲ್ಲಿ ಅದು ಬೇರೆಯೇ ಕಬ್ಬಿಣ, ಕೂಡಿಸಿದ್ದು. 20ನೇ ಶತಮಾನದಲ್ಲಿ ಇಡೀ ಅಲಗನ್ನು ಒಂದೇ ತುಂಡಾಗಿ ಮಾಡಿ, ಸುಮ್ನೆ ಒಂದು ಗೆರೆ ಕೊರೆಯುವುದು ಶುರುವಾಯಿತು. ಭೂತಗನ್ನಡಿ ಹಿಡಿದು ಗೆರೆಯ ಹಿಂದೆಯೇ ಹೋಗಿ. ಅದು ಅಲಗಿನ ಅಂಚನ್ನೂ ದಾಟಿ ಆಚೆ ಬದಿಗೆ ಹೋದರೆ ನಿಜವಾದ ಕೂಡಿಕೆ. ಅಂಚಿನಲ್ಲೇ ನಿಂತರೆ ಅನುಮಾನ ಪಡಿ.

ನಡುವಿನ ವಿಸಾಯಾ ದ್ವೀಪಗಳ ತಾಲಿಬೊಂಗ್, ತೆನೆಗ್ರೆ ಎಂಬ ಕತ್ತಿಗಳಿಗೆ ಬೇರೆ ಗುರುತು. ಮೊನೆಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ಬಡಗಿಯ ಉಳಿಯಂತೆ ಒಂದು ಬದಿ ಚಪ್ಪಟೆ, ಇಳಿಜಾರು ಇನ್ನೊಂದು ಬದಿಗೆ ಮಾತ್ರ. ಆದರೆ ಇಂಥ ಅಲಗು ಉತ್ತರದ ಲೂಸಾನ್ ದ್ವೀಪದಲ್ಲೂ ಸಿಗುತ್ತದೆ, ಆಗ ಹಿಡಿಯೇ ಗತಿ. ವಿಸಾಯಾದ ಪನಾಯ್ ದ್ವೀಪದ ಕಡೆಯದಾದರೆ ಹಿಡಿಯ ತುದಿಯಿಂದ ಕೆತ್ತಿದ ವಿಚಿತ್ರ ಪ್ರಾಣಿಯ ಮುಖವೊಂದು ನಿಮ್ಮನ್ನೇ ದಿಟ್ಟಿಸುತ್ತಿರಬಹುದು.