ಸಕ್ಕರೆ ಕಾಯಿಲೆಯ ಇಂಜೆಕ್ಷನ್‌ನಿಂದ ಪಾರ್ಕಿನ್ಸನ್ ನಿಲ್ಲುತ್ತದಾ?

ಹೋದ ಕೊಯ್ಲಿನಲ್ಲಿ ಶಿರಸಿ ಹತ್ತಿರದ ನಮ್ಮ ದೊಡ್ಡಪ್ಪ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುವುದನ್ನು ಬಿಟ್ಟರು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಿರುಗುತ್ತಲೇ ಇರುತ್ತದೆ, ದೇವರ ದೀಪಕ್ಕೆ ಬತ್ತಿ ಹೊಸೆದ ಹಾಗೆ. ವರ್ಷಗಟ್ಟಲೆ ತೋಟದ ಲೆಕ್ಕ ಬರೆದ ಕೈ ಅದು. ಈಗ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ.

ಅವರಿಗೆ ಪಾರ್ಕಿನ್ಸನ್. ಸಕ್ಕರೆ ಕಾಯಿಲೆಯೂ ಇದೆ. ಹಾಗಾಗಿ ವಾಟ್ಸಾಪಿನಲ್ಲಿ ‘ಸಕ್ಕರೆ ಇಂಜೆಕ್ಷನ್‌ನಿಂದ ಪಾರ್ಕಿನ್ಸನ್ ನಿಲ್ಲುತ್ತದಂತೆ’ ಅಂತ ಬಂದಾಗ ಮನೆಯವರಿಗೆಲ್ಲ ಜೀವ ಬಂದಂತಾಯಿತು. ಸ್ವಲ್ಪ ದಿನಕ್ಕೆ ‘ಅದರಿಂದ ಏನೂ ಆಗಲ್ಲವಂತೆ’ ಅಂತಲೂ ಬಂತು. ಮೊದಲನೆಯದರ ಮೂಲ 2024ರ ಒಂದು ಅಧ್ಯಯನ, ಎರಡನೆಯದರದ್ದು 2025ರ ಇನ್ನೊಂದು. ನಡುವೆ ಏನಾಯಿತು ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದರು. ಕೈಕಾಲಿನ ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕವನ್ನು ಮಿದುಳಿನಲ್ಲಿ ತಯಾರಿಸುವ ಕೋಶಗಳು ಸಾಯುವುದರಿಂದ ಹೀಗಾಗುತ್ತದೆ ಅಂತ ತಿಳಿಯಲು 1960 ಬರಬೇಕಾಯಿತು. ಆ ದಶಕದಲ್ಲೇ, ಮಿದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪಾ ಬಂತು, ಇವತ್ತಿಗೂ ಮುಖ್ಯ ಔಷಧ ಅದೇ. ನಮ್ಮ ಬೇಲಿಸಾಲಿನಲ್ಲಿ ಮೈ ತಾಗಿದರೆ ತುರಿಸಿ ಸಾಯಿಸುವ ನಸುಗುನ್ನಿ ಇದೆಯಲ್ಲ, ಅದರ ಬೀಜದಲ್ಲೂ ಲೆವೊಡೋಪಾ ಇದೆ. 1937ರಲ್ಲೇ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. (ಹಾಗಂತ ಬೀಜ ಪುಡಿ ಮಾಡಿ ತಿನ್ನಬೇಡಿ. ಯಾವ ಬೀಜದಲ್ಲಿ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು.)

ಲೆವೊಡೋಪಾ ಬಿಗಿತ, ನಡುಕ ತಗ್ಗಿಸುತ್ತದೆ. ಕೋಶ ಸಾಯುವುದನ್ನು ತಡೆಯುವ ಔಷಧ ಮಾತ್ರ ಇನ್ನೂ ಸಿಕ್ಕಿಲ್ಲ. ಹೊಸದನ್ನು ಕಂಡುಹಿಡಿದು ಮಾತ್ರೆ ಮಾಡಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಬೇರೆ ಕಾಯಿಲೆಗೆ ಈಗಾಗಲೇ ಕೊಡುತ್ತಿರುವ ಔಷಧವಾದರೆ ಅದರ ಅಡ್ಡ ಪರಿಣಾಮ ಮೊದಲೇ ಗೊತ್ತಿರುತ್ತದೆ. ಜೊತೆಗೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾರ್ಕಿನ್ಸನ್ ಸ್ವಲ್ಪ ಜಾಸ್ತಿ ಅಂತ ದೊಡ್ಡ ದಾಖಲೆಗಳಲ್ಲಿ ಕಂಡಿತ್ತು. ಹಾಗಾಗಿ ಕಣ್ಣು ಸಕ್ಕರೆ ಔಷಧಗಳ ಕಡೆ ಹೋಯಿತು. ಪಯೋಗ್ಲಿಟಜೋನ್ ಮಾತ್ರೆಯನ್ನು 210 ಜನರಲ್ಲಿ ಪರೀಕ್ಷಿಸಿದರು. 2015ರಲ್ಲಿ ಫಲಿತಾಂಶ ಬಂತು, ಉಪಯೋಗವಿಲ್ಲ.

ನಿಜವಾದ ಆಸೆ ಹುಟ್ಟಿಸಿದ್ದು ಎಕ್ಸೆನಟೈಡ್ ಅನ್ನುವ ಇಂಜೆಕ್ಷನ್. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಅಂತ ವಿಷದ ಹಲ್ಲಿ ಇದೆ. ಅದರ ಜೊಲ್ಲಿನಲ್ಲಿದ್ದ ಒಂದು ಅಂಶವನ್ನು ಜಾನ್ ಎಂಗ್ 1992ರಲ್ಲಿ ಗುರುತಿಸಿದರು. ಊಟದ ನಂತರ ನಮ್ಮ ಕರುಳು ಬಿಡುವ, ರಕ್ತದ ಸಕ್ಕರೆ ಹತೋಟಿಗೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನೇ ಅದೂ ಮಾಡುತ್ತಿತ್ತು. 2005ರಲ್ಲಿ ಸಕ್ಕರೆ ಕಾಯಿಲೆಗೆ ಔಷಧವಾಯಿತು. ಇಲಿಗಳಲ್ಲಿ ನೋಡಿದರೆ ಡೋಪಮೈನ್ ಕೋಶಗಳನ್ನೂ ಕಾಪಾಡುತ್ತಿತ್ತು.

ಲಂಡನ್ನಿನ ಡಾ. ಟಾಮ್ ಫೋಲ್ಟಿನಿ ತಂಡ ಇದನ್ನು ರೋಗಿಗಳಲ್ಲಿ ನೋಡಲು ಹೊರಟಿತು. ಮೊದಲ ಪರೀಕ್ಷೆಗೆ ದುಡ್ಡು ಕೊಟ್ಟದ್ದು ಪಾರ್ಕಿನ್ಸನ್ ಇದ್ದವರೇ ಕಟ್ಟಿದ ಒಂದು ಟ್ರಸ್ಟ್. ಈ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2013ರಲ್ಲಿ 45 ಜನರ ಫಲಿತಾಂಶ ಚೆನ್ನಾಗಿ ಬಂತು. ಆದರೆ ಯಾರಿಗೆ ಔಷಧ ಸಿಕ್ಕಿದೆ ಅಂತ ಅವರಿಗೇ ಗೊತ್ತಿತ್ತು. ಪಾರ್ಕಿನ್ಸನ್‌ನಲ್ಲಿ ಇದು ಸಣ್ಣ ಮಾತಲ್ಲ. ಔಷಧ ಸಿಕ್ಕಿತು ಅನ್ನುವ ನಂಬಿಕೆಗೇ ಮಿದುಳು ಡೋಪಮೈನ್ ಬಿಡುತ್ತದೆ. 2001ರಲ್ಲೇ ಸ್ಕ್ಯಾನ್‌ನಲ್ಲಿ ಇದು ಕಂಡಿತ್ತು.

ಆಮೇಲೆ 62 ಜನರಲ್ಲಿ, ಯಾರಿಗೆ ಯಾವುದು ಸಿಕ್ಕಿದೆ ಅನ್ನುವುದನ್ನು ಗುಟ್ಟಾಗಿಟ್ಟು ಪರೀಕ್ಷಿಸಿದರು. ಕೆಲವರಿಗೆ ಔಷಧ, ಕೆಲವರಿಗೆ ಸುಮ್ನೆ ಚುಚ್ಚು. 48 ವಾರ ಕೊಟ್ಟು, 12 ವಾರ ನಿಲ್ಲಿಸಿ ಅಳೆದರು. ಚಲನೆಯನ್ನು ಅಳೆಯುವ 132 ಅಂಕಗಳ ಪಟ್ಟಿಯಲ್ಲಿ ಔಷಧ ಪಡೆದವರ ಪರವಾಗಿ 3.5ರಷ್ಟು ವ್ಯತ್ಯಾಸ ಉಳಿದಿತ್ತು. 2017ರಲ್ಲಿ ಇದು ದೊಡ್ಡ ಸುದ್ದಿಯಾಯಿತು. 2024ರಲ್ಲಿ ಫ್ರಾನ್ಸಿನವರು ಇದೇ ಜಾತಿಯ ಲಿಕ್ಸಿಸೆನಟೈಡ್ ಅನ್ನು 156 ಜನರಲ್ಲಿ ನೋಡಿದರು. ಔಷಧ ಪಡೆದವರ ಚಲನೆ ಒಂದು ವರ್ಷ ಹೆಚ್ಚುಕಮ್ಮಿ ಹಾಗೇ ನಿಂತಿತು, ಉಳಿದವರದ್ದು 3 ಅಂಕದಷ್ಟು ಹದಗೆಟ್ಟಿತು. ಔಷಧ ಪಡೆದವರಲ್ಲಿ ಅರ್ಧದಷ್ಟು ಜನರಿಗೆ ವಾಕರಿಕೆ ಇತ್ತು ಅನ್ನುವುದು ವಾಟ್ಸಾಪಿಗೆ ಬರಲಿಲ್ಲ.

2025ರ ಫೆಬ್ರುವರಿಯಲ್ಲಿ ಎಲ್ಲರೂ ಕಾದಿದ್ದ ದೊಡ್ಡ ಫಲಿತಾಂಶ ಬಂತು. ಎಕ್ಸೆನಟೈಡ್, 194 ಜನ, 96 ವಾರ. ವ್ಯತ್ಯಾಸವೇ ಇಲ್ಲ. ಆ ದಿನ ನನಗೂ ಊಟ ಸೇರಲಿಲ್ಲ. ಔಷಧ ಮಿದುಳಿಗೆ ಸಾಕಷ್ಟು ತಲುಪಿತ್ತೋ ಇಲ್ಲವೋ, ಕಾಯಿಲೆಯ ಇನ್ನೂ ಮೊದಲ ಹಂತದಲ್ಲೇ ಕೊಟ್ಟಿದ್ದರೆ ಹೇಗೋ ಅನ್ನುವ ಚರ್ಚೆ ನಡೆದಿದೆ. ನನಗನ್ನಿಸುವುದು, ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಹಳೆಯ ಔಷಧದಲ್ಲಿ ಲಾಭ ಕಡಿಮೆ, ದೊಡ್ಡ ಪರೀಕ್ಷೆಗೆ ಖರ್ಚು ಜಾಸ್ತಿ. ಆಸೆ ಹುಟ್ಟಿಸಿದ ಲಿಕ್ಸಿಸೆನಟೈಡ್ ಇಂಜೆಕ್ಷನ್ನೇ ವ್ಯಾಪಾರದ ಕಾರಣಕ್ಕೆ ಮಾರುಕಟ್ಟೆಯಿಂದ ಹೋಯಿತು. ಕಾಯುವವರು ಕಾಯುತ್ತಲೇ ಇದ್ದಾರೆ.

ದೊಡ್ಡಪ್ಪನ ಡಾಕ್ಟರು ಪಾರ್ಕಿನ್ಸನ್‌ಗಾಗಿ ಈ ಇಂಜೆಕ್ಷನ್ ಬೇಡವೇ ಬೇಡ ಅಂದರು. ಈ ಔಷಧಗಳು ಹಸಿವು ತಗ್ಗಿಸಿ ತೂಕ ಇಳಿಸುತ್ತವೆ. ದೊಡ್ಡಪ್ಪನ ಶರ್ಟು ಈಗಲೇ ಮೈಮೇಲೆ ಜೋಲುತ್ತಿದೆ. ಹೊಟ್ಟೆ ಖಾಲಿಯಾಗುವುದನ್ನೂ ನಿಧಾನ ಮಾಡುತ್ತವೆ. ಲೆವೊಡೋಪಾ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ, ಅಲ್ಲಿಗೆ ತಲುಪುವುದು ತಡವಾದರೆ ಮಾತ್ರೆ ಹಿಡಿಯುವುದೂ ತಡವಾಗಬಹುದು.

ಬದಲಿಗೆ ಡಾಕ್ಟರು ಲೆವೊಡೋಪಾ ಮಾತ್ರೆಯ ಹೊತ್ತು ಬದಲಿಸಿದರು. ತಿಂಡಿ ಜೊತೆ, ಹಾಲಿನ ಜೊತೆ ತಗೊಳ್ಳುತ್ತಿದ್ದರು ದೊಡ್ಡಪ್ಪ. ಪ್ರೋಟೀನ್ ಅಡ್ಡ ಬಂದರೆ ಲೆವೊಡೋಪಾ ಸರಿಯಾಗಿ ಸೇರುವುದಿಲ್ಲ. ಈಗ ತಿಂಡಿಗೆ ಅರ್ಧ ಗಂಟೆ ಮೊದಲು, ಬರೀ ನೀರಿನಲ್ಲಿ. ಒಂಬತ್ತು ಗಂಟೆಯ ಹೊತ್ತಿಗೆ ಶರ್ಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಇಷ್ಟನ್ನು ಕೇಳಿಕೊಂಡು ಬರಲು ಹುಬ್ಬಳ್ಳಿಗೆ ಹೋಗಬೇಕಾಯಿತು, 100 ಕಿಲೋಮೀಟರ್, ಬಸ್ಸಿನಲ್ಲಿ ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಕರಾವಳಿ, ಘಟ್ಟದ ಮೇಲಿನವರೆಲ್ಲ ಸೇರಿ ಕೂಗಿದ್ದೆವು. ಮೂರು ತಿಂಗಳಿಗೊಮ್ಮೆ ದೊಡ್ಡಪ್ಪ ಅದೇ ಬಸ್ಸು ಹತ್ತುತ್ತಾರೆ.