ವಿಂಡೋಸ್ ಆಟಕ್ಕೆ ವಿಂಡೋಸ್ ಡ್ರೈವರ್ ಬೇಡ

ಮುಂಬಯಿಯ ಮಾಟುಂಗದಲ್ಲಿ ನನ್ನ ಕಂಪ್ಯೂಟರ್ ದುರಸ್ತಿ ಅಂಗಡಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ನಮ್ಮ ಉಡುಪಿ, ಕುಂದಾಪುರ ಕಡೆಯವರ ಮಕ್ಕಳು. ಲ್ಯಾಮಿಂಗ್ಟನ್ ರಸ್ತೆಯಿಂದ ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ ಕೊಂಡು ತರುತ್ತಾರೆ, ಲಿನಕ್ಸ್ ಹಾಕಿಸಿಕೊಳ್ಳುತ್ತಾರೆ, ಅದರಲ್ಲೇ ವಿಂಡೋಸ್ ಆಟಗಳನ್ನು ಆಡಬೇಕೆನ್ನುತ್ತಾರೆ. ಈ ಹುಮ್ಮಸ್ಸು ಕಂಡರೆ ನನಗೆ ಬಲು ಸಂತೋಷ. ಆದರೆ ಆಟ ಸ್ವಲ್ಪ ತಡವರಿಸಿತೋ ಇಲ್ಲವೋ, ಕಾರ್ಡ್ ಕಂಪನಿಯ ತಾಣದಿಂದ ವಿಂಡೋಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಳಿಸಿಕೊಂಡು, ಅದನ್ನು ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಒಳಗೆ ನಡೆಸಲು ಕೂರುತ್ತಾರೆ. ಆಟ ವಿಂಡೋಸಿನದು, ಹಾಗಾಗಿ ಡ್ರೈವರೂ ವಿಂಡೋಸಿನದೇ ಆಗಬೇಕು ಎಂಬುದು ಅವರ ತರ್ಕ. ಎಷ್ಟು ಹೇಳಿದರೂ ಇದು ತಲೆಯಿಂದ ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಡ್ರೈವರಿನ ಬೇರು ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ. ನಿಮ್ಮ ಯಂತ್ರದಲ್ಲಿ ಓಡುತ್ತಿರುವುದು ಲಿನಕ್ಸ್ ಕರ್ನಲ್. ವೈನ್ ಆಗಲಿ, ವೈನ್ ಮೇಲೆ ವಾಲ್ವ್ ಕಂಪನಿ 2018ರಲ್ಲಿ ಕಟ್ಟಿಕೊಟ್ಟ ಪ್ರೋಟಾನ್ ಆಗಲಿ, ತನ್ನೊಳಗೆ ವಿಂಡೋಸ್ ಕರ್ನಲ್ ಇಟ್ಟುಕೊಂಡಿಲ್ಲ. ಆಟವು ವಿಂಡೋಸಿನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌3ಡಿ 11ರಲ್ಲಿ ಚಿತ್ರ ಬಿಡಿಸಲು ಕೇಳುತ್ತದೆ ಎನ್ನಿ. ಡಿಎಕ್ಸ್‌ವಿಕೆ ಎಂಬ ಪದರ ಆ ಕೋರಿಕೆಯನ್ನು ಲಿನಕ್ಸಿಗೂ ಗೊತ್ತಿರುವ ವಲ್ಕನ್ ಎಂಬ ಗ್ರಾಫಿಕ್ಸ್ ಭಾಷೆಗೆ ತಿರುಗಿಸುತ್ತದೆ. ಡೈರೆಕ್ಟ್‌3ಡಿ 12 ಆದರೆ ಆ ಕೆಲಸ ವಿಕೆಡಿ3ಡಿ-ಪ್ರೋಟಾನ್‌ನದು. ಅಲ್ಲಿಂದ ಮುಂದೆ ಎಲ್ಲವೂ ಲಿನಕ್ಸಿನದೇ. ಎಎಂಡಿ ಕಾರ್ಡ್ ಆದರೆ ಲಿನಕ್ಸಿನ ಗ್ರಾಫಿಕ್ಸ್ ಡ್ರೈವರುಗಳ ಸಂಗ್ರಹವಾದ ಮೆಸಾದಲ್ಲಿರುವ ರಾಡ್‌ವಿ ಡ್ರೈವರ್ ವಲ್ಕನ್ ಕೋರಿಕೆಯನ್ನು ಕಾರ್ಡಿಗೆ ಅರ್ಥವಾಗುವ ಆದೇಶಗಳಾಗಿ ಮಾಡುತ್ತದೆ, ಕರ್ನಲ್‌ನ ಎಎಂಡಿಜಿಪಿಯು ಎಂಬ ಭಾಗ ಅವನ್ನು ಕಾರ್ಡಿಗೆ ತಲುಪಿಸುತ್ತದೆ. ಈ ದಾರಿಯಲ್ಲಿ ವಿಂಡೋಸ್ ಡ್ರೈವರಿಗೆ ನಿಲ್ಲಲು ಜಾಗವೇ ಇಲ್ಲ.

ಇಲ್ಲಿನ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಮರಾಠಿಯಲ್ಲಿ ದೋಸೆ ಕೇಳುತ್ತಾನೆ, ಮಾಣಿ ಅದನ್ನು ಅಡುಗೆಮನೆಗೆ ತುಳುವಿನಲ್ಲಿ ಕೂಗುತ್ತಾನೆ, ಭಟ್ಟರು ದೋಸೆ ಹುಯ್ಯುತ್ತಾರೆ. ಗಿರಾಕಿ ಮರಾಠಿಯವನೆಂದು ಭಟ್ಟರನ್ನು ಎಬ್ಬಿಸಿ ಮರಾಠಿ ಅಡುಗೆಯವರನ್ನು ತಂದು ಕೂರಿಸುವ ಮಾಲೀಕರನ್ನು ನಾನು ಕಂಡಿಲ್ಲ.

ಪುಕ್ಕಟೆ ಸಿಗುವ, ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ಮುಕ್ತ ಡ್ರೈವರ್ ಕಂಪನಿಯದಕ್ಕಿಂತ ಕಳಪೆಯೇ ಇರಬೇಕೆಂಬ ಗುಮಾನಿಯೂ ಹಲವರಿಗಿದೆ. ರಾಡ್‌ವಿಯನ್ನು 2016ರಲ್ಲಿ ಶುರು ಮಾಡಿದವರು ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೌಜೆನ್. ಇಬ್ಬರೂ ಎಎಂಡಿಯವರಲ್ಲ. ಕಂಪನಿ ತನ್ನ ವಲ್ಕನ್ ಡ್ರೈವರನ್ನು ತೆರೆದು ಕೊಡುವ ಮಾತಾಡಿತ್ತೇ ಹೊರತು ಇನ್ನೂ ಕೊಟ್ಟಿರಲಿಲ್ಲ. 2017ರ ಕೊನೆಗೆ ಅದು ಎಎಂಡಿವಿಎಲ್‌ಕೆ ಹೆಸರಿನಲ್ಲಿ ಬಂತು. ಅಷ್ಟರಲ್ಲಿ ರಾಡ್‌ವಿ ಬೇರೂರಿತ್ತು. ಮುಂದೆ ವಾಲ್ವ್ ಅದಕ್ಕಾಗಿ ಎಸಿಒ ಎಂಬ ಹೊಸ ಶೇಡರ್ ಕಂಪೈಲರನ್ನೇ (ಆಟದ ಚಿತ್ರ ಬಿಡಿಸುವ ಸೂಚನೆಗಳನ್ನು ಕಾರ್ಡಿನ ಭಾಷೆಗೆ ತಿರುಗಿಸುವ ತಂತ್ರಾಂಶ) ಬರೆಸಿತು. 2025ರಲ್ಲಿ ಎಎಂಡಿ ಎಎಂಡಿವಿಎಲ್‌ಕೆಯನ್ನು ನಿಲ್ಲಿಸಿ, ತಾನೂ ರಾಡ್‌ವಿಯ ಬೆಂಬಲಕ್ಕೆ ನಿಂತಿತು. ಗುಮಾನಿ ಪಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಚೆಂಬೂರಿನ ಹೋಟೆಲ್ ಮಾಲೀಕರೊಬ್ಬರು ಮಗನ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೊತ್ತು ತಂದರು. "ಕಾರ್ಡ್ ಸುಟ್ಟದ್ದನ್ನೇ ಮಾರಿದ್ದಾರೆ ಮಾರಾಯರೇ" ಎಂದು ಅವರ ದೂರು. ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 580 ಕಾರ್ಡ್, ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಆಟದ ದೃಶ್ಯ ಮಾತ್ರ ಒಂದೊಂದೇ ಫೋಟೋ ತೋರಿಸಿದ ಹಾಗೆ ಮುಂದೆ ಸಾಗುತ್ತಿತ್ತು. ಡೌನ್‌ಲೋಡ್ ಫೋಲ್ಡರಿನಲ್ಲಿ ವಿಂಡೋಸ್ ಡ್ರೈವರಿನ ಸೆಟಪ್ ಕಡತ, ಅದರ ಹಳೆಯ ಆವೃತ್ತಿ, ಅದಕ್ಕೂ ಹಳೆಯದು. ಟರ್ಮಿನಲ್ ತೆರೆದು, ವಲ್ಕನ್ ಯಾವ ಸಾಧನವನ್ನು ಬಳಸುತ್ತಿದೆಯೆಂದು ತೋರಿಸುವ ವಲ್ಕನ್‌ಇನ್ಫೋ ನಡೆಸಿದೆ. ಸಾಧನದ ಹೆಸರಿನ ಜಾಗದಲ್ಲಿ ರೇಡಿಯಾನ್ ಎಂದಿರಬೇಕಿತ್ತು, ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಎಂದರೆ ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆ. ಉಬುಂಟು ಎಂಬ ಲಿನಕ್ಸ್ ಹಾಕುವಾಗ ಪರದೆ ಕಪ್ಪಾಯಿತೆಂದು ಹುಡುಗ ಯಾರದೋ ಸಲಹೆಯಂತೆ, ಯಂತ್ರ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಸಾಲಿಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿದ್ದ, ಆಮೇಲೆ ತೆಗೆಯಲು ಮರೆತಿದ್ದ. ಆ ಪದ ಇರುವಷ್ಟು ಕಾಲ ಎಎಂಡಿಜಿಪಿಯು ಕಾರ್ಡನ್ನು ಮುಟ್ಟುವುದಿಲ್ಲ. ಪದ ಅಳಿಸಿ, ಗ್ರಬ್ ನವೀಕರಿಸಿ, ಯಂತ್ರವನ್ನು ಮತ್ತೆ ಶುರು ಮಾಡಿದೆ. ಈ ಸಲ ರೇಡಿಯಾನ್ ಆರ್‌ಎಕ್ಸ್ 580, ರಾಡ್‌ವಿ ಪೊಲಾರಿಸ್10 ಎಂದು ಬಂತು. "ಅಂಕಲ್, ಡ್ರೈವರ್ ಯಾವಾಗ ಹಾಕಿದಿರಿ?" ಎಂದು ಹುಡುಗ ಕೇಳಿದ. ಅದು ಮೊದಲಿನಿಂದಲೂ ಇತ್ತು ತಮ್ಮಾ, ನೀನು ಬಾಗಿಲು ಹಾಕಿದ್ದೆ ಅಷ್ಟೇ ಎಂದೆ. ಇನ್ನು ಯಾವ ಯಂತ್ರದಲ್ಲೇ ಆಟ ನಿಧಾನವಾದರೂ ಮೊದಲು ಆ ಸಾಧನದ ಹೆಸರು ನೋಡಿ, ಆಮೇಲೆ ನನಗೆ ಫೋನ್ ಮಾಡಿ.

ಇಂಟೆಲ್ ಕಾರ್ಡುಗಳದೂ ಇದೇ ಕಥೆ, ಡ್ರೈವರ್ ಲಿನಕ್ಸಿನ ಜೊತೆಗೇ ಬರುತ್ತದೆ. ಎನ್‌ವಿಡಿಯಾ ಮಾತ್ರ ಬೇರೆ. 2022ರಲ್ಲಿ ಅದು ತೆರೆದಿಟ್ಟದ್ದು ಡ್ರೈವರಿನ ಕರ್ನಲ್ ಭಾಗವನ್ನಷ್ಟೇ, ಉಳಿದದ್ದು ಇನ್ನೂ ಮುಚ್ಚಿಯೇ ಇದೆ. ಅದನ್ನು ನಿಮ್ಮ ಲಿನಕ್ಸ್ ವಿತರಣೆಯ (ಉಬುಂಟುವಿನಂಥದ್ದರ) ತಂತ್ರಾಂಶ ಭಂಡಾರದಿಂದಲೇ ಹಾಕಿ. ಕಂಪನಿಯ ತಾಣದಿಂದ ತಂದು ಹಾಕಿದವರಲ್ಲಿ ಹಲವರು ಕರ್ನಲ್ ನವೀಕರಣವಾದ ಮೇಲೆ ಕಪ್ಪು ಪರದೆ ಹಿಡಿದುಕೊಂಡು ನನ್ನ ಬಳಿ ಬಂದಿದ್ದಾರೆ.

ಎಲ್ಲ ಆಟವೂ ಓಡುತ್ತದೆಂದು ನಾನು ಮಾತು ಕೊಡುವುದಿಲ್ಲ. ವ್ಯಾಲೊರಂಟ್ ಆಡಲೇಬೇಕು ಎನ್ನುವವರು ವಿಂಡೋಸನ್ನು ಇನ್ನೊಂದು ಡಿಸ್ಕಿನಲ್ಲಿ ಉಳಿಸಿಕೊಳ್ಳಿ. ಅದರ ಮೋಸ ತಡೆಯುವ ತಂತ್ರಾಂಶ ವಿಂಡೋಸ್ ಕರ್ನಲ್ ಒಳಗೇ ಕೂರಬೇಕೆನ್ನುತ್ತದೆ, ಯಾವ ಡ್ರೈವರ್ ಹಾಕಿದರೂ ಅದಕ್ಕೆ ಮದ್ದಿಲ್ಲ. ಹಳೆಯ ಕಾರ್ಡ್ ಕೊಳ್ಳುವಾಗಲೂ ಅಗ್ಗವೆಂದು ಮುಗಿಬೀಳಬೇಡಿ. 2022ರ ನವೆಂಬರಿನಲ್ಲಿ ಬಂದ ಡಿಎಕ್ಸ್‌ವಿಕೆ 2.0ರಿಂದ ಈಚೆಗೆ ಡ್ರೈವರಿಗೆ ವಲ್ಕನ್ 1.3 ಗೊತ್ತಿರಬೇಕು. ಜಿಟಿಎಕ್ಸ್ 660, 760ರಂಥ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಎನ್‌ವಿಡಿಯಾದ ಡ್ರೈವರ್ 1.2ಕ್ಕೇ ನಿಂತುಬಿಟ್ಟಿದೆ. ಇವೆರಡರಲ್ಲಿ ಯಾವುದನ್ನಾದರೂ ಅಂಗಡಿಯವರು ಗಂಟು ಹಾಕಲು ನೋಡಿದರೆ ಬೆಲೆ ಕೇಳದೆ ಪಕ್ಕದ ಅಂಗಡಿಗೆ ನಡೆಯಿರಿ.