ಹಿಚ್: ಕೊಕ್ಕೆಯಲ್ಲ, ಕೊಂಡಿ

ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ವೆಲ್ಡಿಂಗ್ ಶೆಡ್ಡಿನ ಬೋರ್ಡು: ‘ಬಾಬ್‌ಕ್ಯಾಟ್, ಚೈನ್ ಲೋಡರ್‌ಗಳಿಗೆ ಟೋಯಿಂಗ್ ಹುಕ್ಕು ಹಾಕಿಕೊಡಲಾಗುವುದು.’ ಅದನ್ನು ಓದುವ ಎರಡು ದಿನ ಮೊದಲು, ಹಳೆಯ ಟ್ರ್ಯಾಕ್ ಲೋಡರ್ (ಚಕ್ರದ ಬದಲು ಬೆಲ್ಟಿನ ಮೇಲೆ ಓಡುವ, ಮುಂದೆ ಬಕೆಟ್ ಇರುವ ಯಂತ್ರ) ಮಾರಾಟಕ್ಕಿಟ್ಟವರೊಬ್ಬರು ‘ಹಿಂದೆ ಎರಡು ಹಿಚ್ ಇವೆ’ ಎಂದು ಬರೆದಿದ್ದರು. ಹಿಚ್ ಎಂದರೆ ಎಳೆಯುವ ಯಂತ್ರಕ್ಕೆ ಟ್ರೇಲರನ್ನು ಕೂಡಿಸುವ ಏರ್ಪಾಟು. ಫೋಟೊ ನೋಡಿದರೆ ಅವು ಲಾರಿ ಮೇಲೆ ಯಂತ್ರವನ್ನು ಸರಪಳಿ ಹಾಕಿ ಬಿಗಿಯುವ ಕಿವಿಗಳು. ಹಿಚ್ಚನ್ನು ಹುಕ್ಕು ಅನ್ನುವುದು, ಹಿಚ್ ಅಲ್ಲದ್ದನ್ನು ಹಿಚ್ ಅನ್ನುವುದು ಎರಡೂ ವಿಪರೀತವಾಗಿವೆ. ಹಳದಿ ಯಂತ್ರವೆಲ್ಲ ಜೆಸಿಬಿ, ಚೈನಿರುವುದೆಲ್ಲ ಇಟಾಚಿ ಎಂದಾಗ ಯಾರಿಗೂ ನಷ್ಟವಿಲ್ಲ. ಹಿಚ್ ವಿಷಯದಲ್ಲಿ ಮಾತು ತಪ್ಪಿದರೆ ಕಬ್ಬಿಣ ಮುರಿಯುತ್ತದೆ.

ಇಂಗ್ಲಿಷಿನ ‘ಹಿಚ್’ ಮೊದಲು ಹೆಸರಾಗಿರಲಿಲ್ಲ, ಕ್ರಿಯೆಯಾಗಿತ್ತು. ಜಗ್ಗಿ ಸರಿಸು, ಕುಲುಕಿ ಎತ್ತು ಎಂಬುದು ಅದರ ಹಳೆಯ ಅರ್ಥ. ಹಗ್ಗದಿಂದ ಸಿಕ್ಕಿಸು, ಬಂಡಿಗೆ ಹೂಡು ಎಂಬ ಅರ್ಥಗಳು ಆಮೇಲೆ ಬಂದವು. ಸಿಕ್ಕಿಕೊಂಡದ್ದು ಮುಂದೆ ಹೋಗುವುದಿಲ್ಲವಾದ್ದರಿಂದ ಅಡಚಣೆ ಎಂಬ ಅರ್ಥವೂ ಸೇರಿತು. ನಮ್ಮ ‘ಕೊಕ್ಕೆ’ಯೂ ತನ್ನ ಪಾಡಿಗೆ ತಾನು ಅಲ್ಲಿಗೇ ಹೋಗಿ ಮುಟ್ಟಿದೆ. ಖಾತೆ ಬದಲಾವಣೆಗೆ ದಾಯಾದಿ ‘ಕೊಕ್ಕೆ ಹಾಕಿದ’ ಎಂದರೆ ತಡೆ ಒಡ್ಡಿದ ಎಂದೇ ಅರ್ಥ. ಈ ಹೋಲಿಕೆಯಿಂದಾಗಿ ಹಿಚ್ ಎಂದರೆ ಕೊಕ್ಕೆ ಎಂದು ಅನುವಾದಿಸಿಬಿಡುವ ಆಸೆ ಬರುತ್ತದೆ. ಬೇಡ.

ಕೊಂಕು, ಕೊಂಕಿ, ಕೊಕ್ಕೆ ಒಂದೇ ಬಳಗದ ಮಾತುಗಳು. ಎಲ್ಲದರಲ್ಲೂ ಇರುವುದು ಬಾಗು. ಬಾಗಿದ ತುದಿ, ತೆರೆದ ಬಾಯಿ: ಅದು ಕೊಕ್ಕೆ. ಮಾವಿನಕಾಯಿ ಕೀಳುವ ದೋಟಿಯ ತುದಿಯಲ್ಲಿರುವುದು ಕೊಕ್ಕೆ, ಬಾವಿಗೆ ಬಿದ್ದ ಬಿಂದಿಗೆ ಎತ್ತುವುದು ಕೊಕ್ಕೆ. ಸುಲಭವಾಗಿ ಸಿಕ್ಕಿಸಬೇಕು, ಸುಲಭವಾಗಿ ಬಿಡಿಸಬೇಕು, ಅದಕ್ಕೇ ಬಾಯಿ ತೆರೆದಿರುತ್ತದೆ. ಕೊಂಡಿ ಹಾಗಲ್ಲ. ಸರಪಳಿಯ ಕೊಂಡಿ, ಓಲೆಯ ಕೊಂಡಿ, ಬಾಗಿಲಿನ ಕೊಂಡಿ ಇವೆಲ್ಲ ಎರಡನ್ನು ಕೂಡಿಸಿ, ನಾವಾಗಿ ಬಿಡಿಸುವವರೆಗೆ ಬಿಡದೆ ಹಿಡಿದಿರುವಂಥವು. (ಚೇಳಿನ ಕೊಂಡಿಯೊಂದು ಇದಕ್ಕೆ ಹೊರತು, ಒಪ್ಪುತ್ತೇನೆ.) ಟ್ರ್ಯಾಕ್ಟರಿನ ಹಿಂದೆ ಟ್ರೇಲರಿನ ರಿಂಗು ಕೂರಿಸಿ, ಮೇಲಿಂದ ಪಿನ್ನು ಇಳಿಸಿ, ಪಿನ್ನು ಹಾರದಂತೆ ಕೆಳಗೆ ಕ್ಲಿಪ್ಪು ಚುಚ್ಚುತ್ತೇವಲ್ಲ, ಆ ಇಡೀ ಏರ್ಪಾಟು ಹಿಚ್. ಗುಂಡಿನ ಹಿಚ್ಚಾದರೆ (ಬಾಲ್ ಹಿಚ್) ಕಬ್ಬಿಣದ ಗುಂಡಿನ ಮೇಲೆ ಟ್ರೇಲರಿನ ಬಟ್ಟಲು ಕವುಚಿ ಚಿಲಕ ಬೀಳುತ್ತದೆ. ಸೇನೆಯ ಲಾರಿಗಳ ಹಿಂದಿರುವ ಪಿಂಟಲ್ ಹುಕ್ಕಿನ ಹೆಸರಿನಲ್ಲಿ ಹುಕ್ಕಿದೆ, ನಿಜ. ಆದರೆ ಅದಕ್ಕೂ ಬಾಯಿ ಮುಚ್ಚುವ ಮೇಲ್ದವಡೆ ಇದೆ.

ಇನ್ನೊಂದು ವ್ಯತ್ಯಾಸ ಬಾಯಿಗಿಂತ ದೊಡ್ಡದು. ಕೊಕ್ಕೆ ಎಳೆತವನ್ನಷ್ಟೇ ತಾಳಿದರೆ ಸಾಕು. ಹಿಚ್ ಮೇಲಿನಿಂದ ಕೂರುವ ಭಾರವನ್ನೂ ಹೊರಬೇಕು. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಲ್ಲು ಹೇರುವಾಗ ಮುಂಬಾರ, ಹಿಂಬಾರ ನೋಡಿಯೇ ಹೇರುತ್ತಿದ್ದರು. ಹಿಂಬಾರವಾದರೆ ಮೂಕಿ (ಗಾಡಿಯಿಂದ ನೊಗದವರೆಗೆ ಚಾಚಿರುವ ಮರ) ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕೊರಳಿಗೆ ಬಿಗಿಯುತ್ತದೆ. ಮುಂಬಾರ ಹೆಚ್ಚಾದರೆ ಹೆಗಲು ಕಿತ್ತು ಹುಣ್ಣಾಗುತ್ತದೆ. ಟ್ರೇಲರಿನ ಮೂಕಿ ಹಿಚ್ಚಿನ ಮೇಲೆ ಊರುವ ತೂಕವೂ ಅದೇ ಮುಂಬಾರ. ಗುಂಡಿನ ಹಿಚ್ಚಿನ ಟ್ರೇಲರುಗಳಿಗೆ ಅಮೆರಿಕದಲ್ಲಿ ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಲಿ ಎನ್ನುತ್ತಾರೆ. ಕಡಿಮೆಯಾದರೆ ಓಡುವಾಗ ಟ್ರೇಲರು ಬಾಲ ಬೀಸುತ್ತದೆ.

ಈಗ ಟ್ರ್ಯಾಕ್ ಲೋಡರಿಗೆ ಬರೋಣ. ತೆಂಗು, ಅಡಿಕೆ ತೋಟಗಳಿಗೆ ಅದು ಬರಲು ಕಾರಣ ರಬ್ಬರ್ ಬೆಲ್ಟು. ಹಸಿ ನೆಲದಲ್ಲಿ ಹೂಳುವುದು ಕಡಿಮೆ, ಸಾಲಿನ ನಡುವೆ ನಿಂತಲ್ಲೇ ತಿರುಗುತ್ತದೆ. ಹಿಚ್ಚಿಗೆ ತೊಡಕಾಗುವುದೂ ಈ ತಿರುಗಾಟವೇ. ಟ್ರ್ಯಾಕ್ಟರಿನಂತೆ ಮುಂಗಾಲಿ ತಿರುಗಿಸಿ ಬಾಗುವ ಯಂತ್ರವಲ್ಲ ಇದು. ಒಂದು ಬೆಲ್ಟು ಮುಂದಕ್ಕೆ, ಒಂದು ಹಿಂದಕ್ಕೆ ಓಡಿ ಮೈಯನ್ನೇ ತಿರುವುತ್ತದೆ. ಹಿಂದೆ ಹಿಚ್ ಇದ್ದರೆ ಅದು ಬಾಲದ ಜೊತೆ ಅಡ್ಡಕ್ಕೆ ಸರಿದು ಟ್ರೇಲರಿನ ಮೂಕಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಜೊತೆಗೆ ಎಂಜಿನ್ ಇರುವುದು ಹಿಂದೆ, ಅದರ ಬಾಗಿಲೂ ಹಿಂದೆಯೇ.

ಗುಬ್ಬಿ ಕಡೆಯ ಒಂದು ತೋಟದಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕೆರೆ ಗೋಡು ಹೊಡೆಯಲು ತಂದ ಯಂತ್ರ. ಯಾರೋ ಆ ಹಿಂಬಾಗಿಲಿಗೇ ಒಂದು ಹುಕ್ಕು ಬೆಸೆದುಕೊಟ್ಟಿದ್ದರು. ಗೋಡು ತುಂಬಿದ ಟ್ರೇಲರನ್ನು ಅದಕ್ಕೇ ಸಿಕ್ಕಿಸಿ ಎಳೆದಿದ್ದಾರೆ. ಬೆಸುಗೆ ಗಟ್ಟಿಯಾಗಿತ್ತು, ಬಿಡಲಿಲ್ಲ. ಬಾಗಿಲೇ ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಂದಿತ್ತು. ಚಿಲಕಕ್ಕೂ ಅದರ ಗೂಡಿಗೂ ಎರಡು ಬೆರಳಿನ ಅಂತರ. ಡ್ರೈವರ್ ಅದನ್ನು ಬೈಂಡಿಂಗ್ ವೈರಿನಿಂದ ಕಟ್ಟಿ, ಆಯಿಲ್ ನೋಡಬೇಕಾದಾಗಲೆಲ್ಲ ಬಿಚ್ಚುತ್ತಿದ್ದ. “ಹುಕ್ಕು ಹಾಕಿ ಅಂದ್ವಿ ಅಣ್ಣ, ಹಾಕಿದ್ರು” ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಕೇಳಿದ ಪದವೇ ತಪ್ಪು.

ಬಿಗಿಯುವ ಕಿವಿಗಳದು ಬೇರೆ ಕಥೆ. ಅವು ನಿಂತ ಯಂತ್ರವನ್ನು ಲಾರಿ ಮೇಲೆ ಅಲುಗದಂತೆ ಹಿಡಿಯಲು ಇರುವಂಥವು. ಕೆಸರಿನಲ್ಲಿ ಹೂತದ್ದನ್ನು ಎಳೆಯುವ ಜಾಗ ಯಾವುದೆಂದು ಯಂತ್ರದ ಪುಸ್ತಕದಲ್ಲೇ ತೋರಿಸಿರುತ್ತಾರೆ. ಹೂತ ಗಾಡಿ ಎಳೆಯಲು ಹಿಚ್ಚಿನ ಗುಂಡಿಗೆ ಹಗ್ಗ ಸುತ್ತುವುದಂತೂ ಕೂಡದು. ಜರ್ಕು ಬಿದ್ದು ಗುಂಡಿನ ಕತ್ತು ಮುರಿದರೆ ಅದು ಹಗ್ಗದ ಸಮೇತ ಹಾರಿಬರುತ್ತದೆ. ಹಾಗೆ ಜೀವ ಹೋದದ್ದುಂಟು.

ಟ್ರ್ಯಾಕ್ ಲೋಡರಿಗೆ ಹಿಚ್ ಬೇಕೇ ಬೇಕೆಂದರೆ ಸರಿಯಾದ ಜಾಗ ಸಾಮಾನ್ಯವಾಗಿ ಮುಂದೆ. ಬಕೆಟ್ ಕಳಚಿ, ಅದೇ ಜಾಗಕ್ಕೆ ಕೂರುವ ಒಂದು ಪ್ಲೇಟು. ಪ್ಲೇಟಿನಲ್ಲಿ ಎರಡು ಇಂಚಿನ ಚೌಕ ಕೊಳವೆ. ಕೊಳವೆಗೆ ಗುಂಡೋ ಪಿನ್ನೋ. ಟ್ರೇಲರಿನ ಮೂಕಿ ಕಣ್ಣೆದುರೇ ಇರುತ್ತದೆ, ತೋಳು ಎತ್ತಿ ಇಳಿಸಿ ಮಟ್ಟ ಮಾಡಿಕೊಳ್ಳಬಹುದು. ಅಂಗಳದಲ್ಲಿ, ತೋಟದಲ್ಲಿ ಟ್ರೇಲರು ಸರಿಸಲು ಇದು ಸಾಕು. ರಸ್ತೆಯಲ್ಲಿ ಮೈಲಿಗಟ್ಟಲೆ ಎಳೆಯಲು ಈ ಯಂತ್ರವೇ ಅಲ್ಲ, ಬೆಲ್ಟು ಸವೆದುಹೋಗುತ್ತದೆ. ಗುಂಡು ತರುವಾಗ ಅಳತೆ ಹೇಳಿ ತನ್ನಿ. 50 ಮಿಲಿಮೀಟರಿನದೂ ಎರಡು ಇಂಚಿನದೂ ಒಂದೇ ಅನ್ನುವವರು ಸಿಗುತ್ತಾರೆ. ಎರಡು ಇಂಚು 50.8. ಎರಡು ಇಂಚಿನ ಬಟ್ಟಲಲ್ಲಿ 50ರ ಗುಂಡು ಸಡಿಲ.

ಗುಬ್ಬಿಯವರು ಆ ಹುಕ್ಕನ್ನು ಗ್ಯಾಸ್ ಕಟರಿನಿಂದ ತೆಗೆಸಿದ್ದಾರೆ. ಮುಂದಿನ ಪ್ಲೇಟು ಮಾಡಿಸಲು ಹೋದಾಗ ಟ್ರೇಲರಿನ ರಿಂಗನ್ನೇ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಒಯ್ದರಂತೆ.